ದೀಪ ಹತ್ತಲಿಲ್ಲ, ಎರರ್ ಕೂಡ ಬರಲಿಲ್ಲ: ಲಿನಕ್ಸ್ ಕನ್ಸೋಲಿನ ಒಳಗಿನ ಕಂಟ್ರೋಲ್‌ಗಳನ್ನು ದಾಖಲಿಸುವುದು ಹೇಗೆ?

ಪ್ರಶ್ನೆ: ಸರ್, ಹುಬ್ಬಳ್ಳಿಯ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ವೇ ಬ್ರಿಡ್ಜ್‌ಗಳಲ್ಲಿ ಲಾರಿ ತೂಕದ ಚೀಟಿ ಕೊಡುವ ಪೆಟ್ಟಿಗೆ ನಮ್ಮದು. ಒಳಗೆ ಲಿನಕ್ಸ್, ಹೊರಗೆ ಮಾನಿಟರ್ ಮತ್ತು ಯುಎಸ್‌ಬಿ ಕೀಬೋರ್ಡ್. ಡೆಸ್ಕ್‌ಟಾಪ್ ಇಲ್ಲ, ಬರೀ ಕಪ್ಪು ಪರದೆಯ ಕನ್ಸೋಲ್. ಇದನ್ನು ಬರೆದ ಸೀನಿಯರ್ ಕೆಲಸ ಬಿಟ್ಟಿದ್ದಾರೆ. ಕನ್ಸೋಲ್, ಕೀಬೋರ್ಡ್ ಭಾಗಕ್ಕೆ ಡಾಕ್ಯುಮೆಂಟ್ ಬರೆಯಲು ನನಗೆ ಹೇಳಿದ್ದಾರೆ. ಮ್ಯಾನ್ ಪೇಜ್ (ಲಿನಕ್ಸಿನ ಜೊತೆ ಬರುವ ಕೈಪಿಡಿಯ ಪುಟ) ತೆಗೆದರೆ, ಇದನ್ನು ಡಾಕ್ಯುಮೆಂಟೇಶನ್ ಅಂತ ತಿಳಿಯಬೇಡಿ ಎಂದು ಅದರಲ್ಲೇ ಬರೆದಿದೆ! ಪೈಥಾನಿನಲ್ಲಿ ಕೀಬೋರ್ಡ್ ದೀಪ ಹತ್ತಿಸುವ ನಂಬರ್ ಕಳಿಸಿದೆ, ಜೊತೆಗೆ 7 ಎಂಬ ಒಂದು ಬೈಟ್. ದೀಪ ಹತ್ತಲಿಲ್ಲ, ಎರರೂ ಇಲ್ಲ. ಅದನ್ನೇ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡಿ ಓಡಿಸಿದರೆ ‘ಇನ್‌ಅಪ್ರೋಪ್ರಿಯೇಟ್ ಐಆಕ್ಟಲ್ ಫಾರ್ ಡಿವೈಸ್’ ಅನ್ನುತ್ತದೆ. ರಾ ಮೋಡ್ (ಕೀಗಳ ಕಚ್ಚಾ ಕೋಡ್ ಹಾಗೇ ಬರುವ ಸ್ಥಿತಿ) ಪ್ರಯತ್ನಿಸಿದಾಗ ಕೀಬೋರ್ಡ್ ಪೂರ್ತಿ ಸತ್ತು, ಪವರ್ ಕಿತ್ತು ಹಾಕಬೇಕಾಯಿತು. ಕರ್ನಲ್ (ಲಿನಕ್ಸಿನ ತಿರುಳು ಭಾಗ) ಅಪ್‌ಡೇಟ್ ಆದರೆ ಇದೆಲ್ಲ ಬದಲಾಗುತ್ತೆ, ಬರೆದು ಪ್ರಯೋಜನ ಇಲ್ಲ ಅಂತ ಒಬ್ಬರು. ತಪ್ಪು ನಂಬರ್ ಕಳಿಸಿದರೆ ಕೀಬೋರ್ಡ್ ಸುಟ್ಟೇ ಹೋಗುತ್ತೆ ಅಂತ ಇನ್ನೊಬ್ಬರು. ಮಾಲೀಕರಿಗೆ ಪರದೆ ಮೇಲೆ ಕನ್ನಡ ಬೇರೆ ಬೇಕು. ನಾನು ಏನು ಬರೆಯಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಐದಾರು ತೊಂದರೆಗಳಿವೆ, ಆದರೆ ಚಿಂತೆ ಒಂದೇ. ಬರೆದವರೇ ‘ನಂಬಬೇಡಿ’ ಅಂದದ್ದರ ಮೇಲೆ ನಾನು ಹೇಗೆ ನಂಬುವಂಥ ದಾಖಲೆ ಕಟ್ಟಲಿ ಅನ್ನುವುದು. ಕಟ್ಟಬಹುದು. ಆದರೆ ನೀವು ಬರೆಯಬೇಕಾದದ್ದು ಕಂಟ್ರೋಲ್ (ಐಆಕ್ಟಲ್, ಅಂದರೆ ತೆರೆದ ಡಿವೈಸ್ ಫೈಲಿಗೆ ಪ್ರೋಗ್ರಾಂ ಕಳಿಸುವ ಆಜ್ಞೆ) ನಂಬರುಗಳ ಪಟ್ಟಿಯನ್ನಲ್ಲ, ಅದು ಹೆಡರ್ ಫೈಲಿನಲ್ಲಿ ಈಗಾಗಲೇ ಇದೆ. ಒಂದು ಕಂಟ್ರೋಲ್ ಏನನ್ನು ಕೇಳುತ್ತದೆ, ಯಾವುದರ ಮೇಲೆಲ್ಲ ಪರಿಣಾಮ ಮಾಡುತ್ತದೆ, ಯಾರಿಗೆ ಬಿಡುತ್ತದೆ, ಕೆಟ್ಟರೆ ವಾಪಸ್ ಬರುವುದು ಹೇಗೆ — ಈ ನಾಲ್ಕು ಮಾತು ಎಲ್ಲೂ ಒಂದೇ ಕಡೆ ಸಿಗುವುದಿಲ್ಲ. ನಿಮ್ಮನ್ನು ಕಾಡಿದ್ದೂ ಅವೇ.

ಮೊದಲು ಆ ಎಚ್ಚರಿಕೆಯ ವಿಷಯ. ಆ ಪುಟ 1995ರದು. ಜಿಮ್ ವ್ಯಾನ್ ಜಾಂಡ್ಟ್ ಮತ್ತು ಆಂಡ್ರೀಸ್ ಬ್ರೌವರ್ ಬರೆದದ್ದು. ಬ್ರೌವರ್ ಆಗ ಲಿನಕ್ಸಿನ ಮ್ಯಾನ್ ಪೇಜ್‌ಗಳನ್ನೂ ನೋಡಿಕೊಳ್ಳುತ್ತಿದ್ದರು, ಲೋಡ್‌ಕೀಸ್, ಸೆಟ್‌ಲೆಡ್ಸ್, ಶೋಕೀ ಮುಂತಾದವು ಇರುವ ಕೆಬಿಡಿ ಎಂಬ ಕೀಬೋರ್ಡ್ ಪರಿಕರಗಳ ಪ್ಯಾಕೇಜನ್ನೂ ನೋಡಿಕೊಳ್ಳುತ್ತಿದ್ದರು. ಅಂದರೆ ಈ ಕಂಟ್ರೋಲ್‌ಗಳನ್ನು ಬಳಸುವ ಪ್ರೋಗ್ರಾಂ ಮತ್ತು ಅವನ್ನು ವಿವರಿಸುವ ಪುಟ ಎರಡೂ ಒಬ್ಬರ ಕೈಯಲ್ಲೇ ಇದ್ದವು. ಪುಟ ಹೇಳುವುದು ಇಷ್ಟೇ: ಇವು ಕರ್ನಲ್ ಮತ್ತು ಯಾವುದೋ ಒಂದು ಗೊತ್ತಿರುವ ಪ್ರೋಗ್ರಾಂ ನಡುವಿನ ಮಾತುಕತೆಗೆ ಹುಟ್ಟಿದವು, ಆ ಪ್ರೋಗ್ರಾಂಗೆ ಬೇಕಾದಾಗ ಬದಲಾಗುತ್ತವೆ, ನೀವು ಸೋರ್ಸ್ ಓದುವ ಬದಲು ಕುತೂಹಲಕ್ಕೆ ಇದನ್ನು ಓದಿ. ಆ ಕಾಲಕ್ಕೆ ಅದು ಪ್ರಾಮಾಣಿಕ ಮಾತು. (ಹಳೆಯ ಪುಸ್ತಕಗಳಲ್ಲಿ ಈ ಪುಟ ‘ಕನ್ಸೋಲ್_ಐಆಕ್ಟಲ್’ ಎಂದು 4ನೇ ವಿಭಾಗದಲ್ಲಿದೆ. ಈಗ ‘ಐಆಕ್ಟಲ್_ಕನ್ಸೋಲ್’ ಎಂದು 2ನೇ ವಿಭಾಗಕ್ಕೆ ಹೋಗಿದೆ. ಎರಡು ಹೆಸರಲ್ಲೂ ಹುಡುಕಿ.)

ಹಾಗಾದರೆ ಅಪ್‌ಡೇಟ್ ಆದರೆ ಎಲ್ಲ ಬದಲಾಗುತ್ತಾ? ಇಲ್ಲ. ನೀವು ಕಳಿಸಿದ ನಂಬರ್, ಹೆಕ್ಸಿನಲ್ಲಿ 4ಬಿ32, ಆ ಪುಟ ಬರೆದ ಕಾಲದಿಂದ ಇವತ್ತಿನ ತನಕ ಅದೇ. ಓಡುತ್ತಿರುವ ಪ್ರೋಗ್ರಾಂಗಳನ್ನು ಮುರಿಯಬಾರದು ಎಂಬುದು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಬಿಗಿಯಾಗಿ ಹಿಡಿದಿರುವ ನಿಯಮ. ಬದಲಾಗುವುದು ಅಂಚುಗಳಲ್ಲಿ, ಅದೂ ಹೆಚ್ಚಾಗಿ ಸೆಕ್ಯುರಿಟಿ ಕಾರಣಕ್ಕೆ. 2020ರಲ್ಲಿ ಬಂದ 5.9 ಕರ್ನಲಿನಲ್ಲಿ ಶಿಫ್ಟ್ ಜೊತೆ ಪೇಜ್ ಅಪ್ ಒತ್ತಿ ಹಿಂದಿನ ಸಾಲು ನೋಡುವ ಸೌಲಭ್ಯವನ್ನೇ ಕಿತ್ತು ಹಾಕಿದರು. ಆ ಕೋಡಿನಲ್ಲಿ ದೋಷಗಳಿದ್ದವು, ನೋಡಿಕೊಳ್ಳುವವರು ಇರಲಿಲ್ಲ. ಅದೇ ವರ್ಷ ಒಂದು ಕನ್ಸೋಲಿನ ಫಾಂಟನ್ನು ಇನ್ನೊಂದಕ್ಕೆ ನಕಲು ಮಾಡುವ ಕೆಲಸವನ್ನೂ ಮುಚ್ಚಿದರು. 6.2ರಲ್ಲಿ, ಟೈಪ್ ಮಾಡಿದ ಹಾಗೆ ಅಕ್ಷರ ತೂರಿಸುವ ಟಿಐಒಸಿಎಸ್‌ಟಿಐ ಕಂಟ್ರೋಲನ್ನು ಬಂದ್ ಮಾಡುವ ಸ್ವಿಚ್ ಬಂತು. 6.7ರಲ್ಲಿ ಕನ್ಸೋಲಿನ ಕಾಪಿ-ಪೇಸ್ಟ್ ಕಂಟ್ರೋಲ್‌ಗಳಿಗೆ ಅಡ್ಮಿನ್ ಅಧಿಕಾರ ಬೇಕೆಂದರು, ಆಮೇಲೆ ಕೆಲವಕ್ಕೆ ಸಡಿಲ ಕೊಟ್ಟರು. ಆದ್ದರಿಂದ ನಿಮ್ಮ ಸಹೋದ್ಯೋಗಿ ಪೂರ್ತಿ ತಪ್ಪೂ ಅಲ್ಲ. ಅವರ ಮಾತಿನಿಂದ ನೀವು ತೆಗೆದುಕೊಳ್ಳಬೇಕಾದದ್ದು ಏನೆಂದರೆ, ಪ್ರತಿ ಪುಟದ ಮೇಲೂ ‘ಇಂಥ ಕರ್ನಲಿನಲ್ಲಿ, ಇಂಥ ಪೆಟ್ಟಿಗೆಯಲ್ಲಿ ಪರೀಕ್ಷಿಸಿದ್ದು’ ಅಂತ ಬರೆಯಿರಿ. ಬರೆಯುವುದನ್ನೇ ಬಿಡಬೇಡಿ.

ಇನ್ನು ಕೀಬೋರ್ಡ್ ಸುಡುವ ಕಥೆ. ದೀಪ, ಮೋಡ್, ಕೀಮ್ಯಾಪ್ (ಯಾವ ಕೀಗೆ ಯಾವ ಅಕ್ಷರ ಎಂಬ ಪಟ್ಟಿ) ಕಂಟ್ರೋಲ್‌ಗಳಿಂದ ಯಾವ ಕೀಬೋರ್ಡೂ ಸುಡುವುದಿಲ್ಲ. ಆದರೆ ಈ ಮಾತಿನ ಬದಿಯಲ್ಲಿ ಒಂದು ನಿಜ ಇದೆ. ಐಆಕ್ಟಲ್ ನಂಬರಿಗೆ ಅರ್ಥ ಕೊಡುವುದು ನೀವು ತೆರೆದ ಫೈಲ್. ಕನ್ಸೋಲಿಗೆ ದೀಪದ ಆಜ್ಞೆ ಆದದ್ದು ಬೇರೆ ಡಿವೈಸ್ ಡ್ರೈವರಿಗೆ ಬೇರೇನೋ ಆಗಬಹುದು. ಸರಿಯಾದ ಫೈಲನ್ನು ತೆರೆದಿದ್ದೇವಾ ಅಂತ ನೋಡದೆ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ನಂಬರ್ ತೂರುವುದು ಒಳ್ಳೆಯ ಅಭ್ಯಾಸ ಅಲ್ಲ.

ದೀಪ ಯಾಕೆ ಹತ್ತಲಿಲ್ಲ

ಇದು ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ದಾಖಲೆ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಐಆಕ್ಟಲ್ ಕರೆಯಲ್ಲಿ ಮೂರು ವಸ್ತು ಇರುತ್ತವೆ: ತೆರೆದ ಫೈಲ್, ಆಜ್ಞೆಯ ನಂಬರ್, ಒಂದು ಆರ್ಗ್ಯುಮೆಂಟ್. ಆ ಮೂರನೆಯದು ಕೆಲವು ಆಜ್ಞೆಗಳಿಗೆ ನೇರ ಬೆಲೆ, ಕೆಲವಕ್ಕೆ ಬೆಲೆ ಇಟ್ಟಿರುವ ಜಾಗದ ವಿಳಾಸ, ಅಂದರೆ ಪಾಯಿಂಟರ್. ಹೊಸ ಡ್ರೈವರುಗಳ ನಂಬರುಗಳಲ್ಲಿ ಆರ್ಗ್ಯುಮೆಂಟ್ ಎಷ್ಟು ದೊಡ್ಡದು, ಓದುವುದಾ ಬರೆಯುವುದಾ ಎಂಬ ಸುಳಿವು ನಂಬರಿನ ಒಳಗೇ ಅಡಗಿರುತ್ತದೆ. ಕನ್ಸೋಲಿನವು ಹಳೆಯ ಕಾಲದವು. 4ಬಿ ಅಂದರೆ ಆಸ್ಕಿಯಲ್ಲಿ ದೊಡ್ಡ ‘ಕೆ’, ಅದರ ಮುಂದೆ ಒಂದು ಕ್ರಮಸಂಖ್ಯೆ, ಅಷ್ಟೇ. ನಂಬರ್ ನೋಡಿ ಏನೂ ತಿಳಿಯುವುದಿಲ್ಲ.

ದೀಪ ಹತ್ತಿಸುವ ಕೆಡಿಸೆಟ್‌ಲೆಡ್, ನೀವು ಕಳಿಸಿದ 4ಬಿ32, ನೇರ ಬೆಲೆ ಕೇಳುತ್ತದೆ. ದೀಪದ ಸ್ಥಿತಿ ಓದುವ ಕೆಡಿಗೆಟ್‌ಲೆಡ್, ಅಂದರೆ ಪಕ್ಕದ ಮನೆಯ 4ಬಿ31, ಪಾಯಿಂಟರ್ ಕೇಳುತ್ತದೆ. ಜೋಡಿ ಆಜ್ಞೆಗಳಾದರೂ ಪದ್ಧತಿ ಬೇರೆ. ಪೈಥಾನಿಗೆ ನೀವು ಬೈಟ್ ಕೊಟ್ಟರೆ ಅದು ಆ ಬೈಟನ್ನು ಒಂದು ಬಫರಿಗೆ ಹಾಕಿ, ಬಫರಿನ ವಿಳಾಸವನ್ನು ಕರ್ನಲಿಗೆ ಕೊಡುತ್ತದೆ. ಅಂಗಡಿಯವನು ಏಳು ರೂಪಾಯಿ ಕೇಳಿದರೆ, ದುಡ್ಡು ಯಾವ ಡಬ್ಬಿಯಲ್ಲಿದೆ ಅಂತ ಚೀಟಿ ಬರೆದು ಕೊಟ್ಟ ಹಾಗೆ.

ಸರಿ, ಹಾಗಾದರೆ ಎರರ್ ಬರಬೇಕಿತ್ತಲ್ಲ? ಇಲ್ಲೇ ಇರುವುದು ಮಜಾ. ಕೆಡಿಸೆಟ್‌ಲೆಡ್‌ನಲ್ಲಿ ಕೆಳಗಿನ ಮೂರು ಬಿಟ್‌ಗಳು ಮೂರು ದೀಪ. ಅದಕ್ಕಿಂತ ಮೇಲಿನ ಯಾವುದೇ ಬಿಟ್ ಇದ್ದರೆ ಅದರ ಅರ್ಥ ‘ದೀಪಗಳನ್ನು ನನ್ನ ಹಿಡಿತದಿಂದ ಬಿಟ್ಟು ಮಾಮೂಲಿ ಕೆಲಸಕ್ಕೆ ಕಳಿಸು’ ಅಂತ. ಮೆಮೊರಿ ವಿಳಾಸ ಯಾವತ್ತೂ ದೊಡ್ಡ ಸಂಖ್ಯೆ. ಆದ್ದರಿಂದ ಕರ್ನಲ್ ಅದನ್ನು ಪೂರ್ತಿ ನ್ಯಾಯವಾದ ಆಜ್ಞೆ ಎಂದೇ ತಿಳಿದು, ದೀಪಗಳನ್ನು ಮಾಮೂಲಿ ಸ್ಥಿತಿಗೆ ತಂದು, ಸೊನ್ನೆ ವಾಪಸ್ ಕೊಟ್ಟಿತು. ಸೊನ್ನೆ ಅಂದರೆ ಯಶಸ್ಸು. ಪೈಥಾನ್ ನಿಮ್ಮ ಬಫರನ್ನೇ ವಾಪಸ್ ತೋರಿಸಿರುತ್ತದೆ, ಅದರಲ್ಲಿ 7 ಹಾಗೇ ಇರುತ್ತದೆ. ನೋಡಿದವರಿಗೆ ಕೆಲಸ ಆಯ್ತು ಅನಿಸೋದು ಸಹಜ ಅಲ್ವಾ?

ಬೈಟ್ ಬದಲು ಸುಮ್ನೆ 7 ಎಂಬ ಇಂಟಿಜರ್ ಕೊಡಿ, ಮೂರೂ ದೀಪ ಹತ್ತುತ್ತವೆ. ಕೀಬೋರ್ಡಿನಲ್ಲಿ ಮೂರು ಇದ್ದರೆ. ಈಗಿನ ಎಷ್ಟೋ ಅಗ್ಗದ ಕೀಬೋರ್ಡುಗಳಲ್ಲಿ ಸ್ಕ್ರಾಲ್ ಲಾಕ್ ದೀಪವೇ ಇರುವುದಿಲ್ಲ, ಅದನ್ನು ‘ತೂಕ ಸ್ಥಿರವಾಗಿದೆ’ ಎಂಬ ಸೂಚನೆಗೆ ಬಳಸಿದ್ದರೆ ಕೀಬೋರ್ಡ್ ಬದಲಾಯಿಸಿದ ದಿನ ಫೋನ್ ಬರುತ್ತದೆ. ಬಿಟ್‌ಗಳ ಕ್ರಮ: 1 ಸ್ಕ್ರಾಲ್ ಲಾಕ್, 2 ನಮ್ ಲಾಕ್, 4 ಕ್ಯಾಪ್ಸ್ ಲಾಕ್. ಇದನ್ನು ಲಿನಕ್ಸಿನದು ಎಂದೇ ಬರೆಯಿರಿ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಇದೇ ಹೆಸರಿನ ಆಜ್ಞೆ ಇದೆ, ಆದರೆ ಅದರ ನಂಬರ್ ಬೇರೆ, ಬಿಟ್‌ಗಳೂ ಉಲ್ಟಾ: ಅಲ್ಲಿ 1 ಕ್ಯಾಪ್ಸ್, 4 ಸ್ಕ್ರಾಲ್. ಹೆಸರು ಒಂದೇ ಅಂತ ಬಿಟ್‌ಗಳನ್ನು ಅಂಕಿಯಲ್ಲೇ ಬರೆದ ಅಲ್ಲಿನ ಕೋಡ್ ತಂದು ಇಲ್ಲಿ ಅಂಟಿಸಿದರೆ ಕಂಪೈಲ್ ಆಗುತ್ತದೆ, ತಪ್ಪು ದೀಪ ಹತ್ತುತ್ತದೆ.

ಇನ್ನೊಂದು ಗೊಂದಲವನ್ನು ದಾಖಲೆಯಲ್ಲಿ ಮೊದಲೇ ಬಿಡಿಸಿಬಿಡಿ. ದೀಪ ಬೇರೆ, ಲಾಕ್ ಬೇರೆ. ಕೆಡಿಸೆಟ್‌ಲೆಡ್ ಬರೀ ದೀಪ ಹತ್ತಿಸುತ್ತದೆ, ಕ್ಯಾಪ್ಸ್ ಲಾಕ್ ಆನ್ ಆಗುವುದಿಲ್ಲ. ನೀವು ದೀಪ ಹಿಡಿದಿಟ್ಟಿರುವಾಗ ಗ್ರಾಹಕ ಕ್ಯಾಪ್ಸ್ ಲಾಕ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ದೀಪ ಮಾತ್ರ ಅಲ್ಲಾಡುವುದಿಲ್ಲ. ಲಾಕ್ ಸ್ಥಿತಿ ಬದಲಾಯಿಸುವುದು ಕೆಡಿಎಸ್‌ಕೆಬಿಲೆಡ್, 4ಬಿ65. ಇದೂ ನೇರ ಬೆಲೆ ಕೇಳುತ್ತದೆ, ಆದರೆ ಇದಕ್ಕೆ ಪಾಯಿಂಟರ್ ಕೊಟ್ಟರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಒಂದೇ ತಪ್ಪಿಗೆ ಒಂದು ಬಾಯಿ ಮುಚ್ಚಿಕೊಂಡಿರುತ್ತದೆ, ಇನ್ನೊಂದು ಕೂಗುತ್ತದೆ. ಕಮಾಂಡ್ ಸಾಲಿನಲ್ಲಿ ಪ್ರಯೋಗ ಮಾಡುವುದಾದರೆ ಸೆಟ್‌ಲೆಡ್ಸ್‌ಗೆ ದೊಡ್ಡ ‘ಎಲ್’ ಆಯ್ಕೆ ಕೊಟ್ಟರೆ ಬರೀ ದೀಪ, ಲಾಕ್ ಇಲ್ಲ.

ಹೀಗೆ ‘ಸೊನ್ನೆ ಬಂತು, ಏನೂ ಆಗಲಿಲ್ಲ’ ಎಂಬ ಜಾತಿಯವು ಇನ್ನೂ ಇವೆ. ಬೀಪ್ ಮಾಡುವ ಕೆಡಿಎಂಕೆಟೋನ್ ಅಂಥದ್ದು. ಕೆಳಗಿನ 16 ಬಿಟ್‌ನಲ್ಲಿ 1193180 ಅನ್ನು ಬೇಕಾದ ಹರ್ಟ್ಸ್‌ನಿಂದ ಭಾಗಿಸಿದ ಸಂಖ್ಯೆ, ಮೇಲಿನ 16ರಲ್ಲಿ ಎಷ್ಟು ಮಿಲಿಸೆಕೆಂಡ್ ಅನ್ನುವುದು. ಪೆಟ್ಟಿಗೆಯಲ್ಲಿ ಪಿಸಿ ಸ್ಪೀಕರ್ ಇಲ್ಲದಿದ್ದರೂ ಅದು ಯಶಸ್ಸು ಅನ್ನುತ್ತದೆ. ಉಬುಂಟುವಿನಂಥ ಲಿನಕ್ಸ್ ವಿತರಣೆಗಳಲ್ಲಿ ಸ್ಪೀಕರಿನ ಮಾಡ್ಯೂಲೇ ಲೋಡ್ ಆಗದಂತೆ ತಡೆದಿರುತ್ತಾರೆ. ಇಂಥ ಆಜ್ಞೆಗಳಿಗೆ ‘ವಾಪಸ್ ಬಂದ ಬೆಲೆಯನ್ನು ನಂಬಬೇಡಿ, ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ’ ಅಂತ ಒಂದು ಸಾಲು ಹಾಕಿ.

ಎಸ್‌ಎಸ್‌ಎಚ್‌ನಲ್ಲಿ ಬಂದ ಎರರ್

ಇದು ಸರಳ. ‘ಇನ್‌ಅಪ್ರೋಪ್ರಿಯೇಟ್ ಐಆಕ್ಟಲ್’ ಅಂದರೆ ಇನಾಟ್‌ಟಿಟಿವೈ ಎಂಬ ಎರರ್: ಈ ಫೈಲಿಗೆ ಈ ಆಜ್ಞೆ ಗೊತ್ತಿಲ್ಲ. ಎಸ್‌ಎಸ್‌ಎಚ್ ನಿಮಗೆ ಕೊಡುವುದು ಪಿಟಿಎಸ್ ಎಂಬ ನಕಲಿ ಟರ್ಮಿನಲ್, ಅದಕ್ಕೆ ಕೀಬೋರ್ಡೂ ಇಲ್ಲ ದೀಪವೂ ಇಲ್ಲ. ಡೆಸ್ಕ್‌ಟಾಪಿನ ಟರ್ಮಿನಲ್ ಕಿಟಕಿಯಲ್ಲೂ ಇದೇ ಕಥೆ. ಕೆಲಸ ಮಾಡುವುದು ನಿಜವಾದ ವರ್ಚುವಲ್ ಕನ್ಸೋಲ್ ಮೇಲೆ, ಅಂದರೆ ಡೆವ್ ಫೋಲ್ಡರಿನ ಟಿಟಿವೈ1ರಿಂದ ಟಿಟಿವೈ63ರವರೆಗೆ. ಟಿಟಿವೈ0 ಅಂದರೆ ಈಗ ಪರದೆ ಮೇಲೆ ಯಾವುದಿದೆಯೋ ಅದು. ನಂಬರಿಲ್ಲದ ಟಿಟಿವೈ ಅಂದರೆ ಈ ಪ್ರೋಗ್ರಾಂ ಯಾವ ಟರ್ಮಿನಲಿಗೆ ಸೇರಿದೆಯೋ ಅದು. ಡೆವ್‌ನ ಕನ್ಸೋಲ್ ಎಂಬುದು ಬೂಟ್ ಆಯ್ಕೆ ನೋಡಿಕೊಂಡು ಸೀರಿಯಲ್ ಪೋರ್ಟ್ ಕೂಡ ಆಗಿರಬಹುದು. ತಯಾರಿಕೆ ಸಮಯದಲ್ಲಿ ಸೀರಿಯಲ್ ಕೇಬಲ್ ಹಾಕುವ ಪೆಟ್ಟಿಗೆಗಳಲ್ಲಿ ಇದು ಪದೇ ಪದೇ ಕಾಡುತ್ತದೆ. ನಿಮ್ಮ ಕೋಡಿನಲ್ಲಿ ಯಾವ ಟಿಟಿವೈ ಬೇಕೋ ಅದನ್ನು ಹೆಸರಿಟ್ಟು ತೆರೆಯಿರಿ.

ಅಧಿಕಾರದ ಮಾತೂ ಇಲ್ಲೇ ಬರುತ್ತದೆ. ಆ ಕನ್ಸೋಲ್ ನಿಮ್ಮ ಪ್ರೋಗ್ರಾಂನ ಸ್ವಂತ ಟರ್ಮಿನಲ್ ಆಗಿರಬೇಕು, ಇಲ್ಲವೇ ಪ್ರೋಗ್ರಾಂಗೆ ಸಿಎಪಿ_ಸಿಸ್_ಟಿಟಿವೈ_ಕಾನ್ಫಿಗ್ ಅಧಿಕಾರ ಇರಬೇಕು. ಎರಡೂ ಇಲ್ಲದಿದ್ದರೆ ‘ಆಪರೇಶನ್ ನಾಟ್ ಪರ್ಮಿಟೆಡ್’. ಈ ಒಂದು ಅಧಿಕಾರಕ್ಕೋಸ್ಕರ ಇಡೀ ಪ್ರೋಗ್ರಾಮನ್ನು ರೂಟ್ ಆಗಿ ಓಡಿಸಬೇಕಾಗಿಲ್ಲ, ಸರ್ವಿಸ್ ಫೈಲಿನಲ್ಲಿ ಅದೊಂದನ್ನೇ ಕೊಡಬಹುದು.

ಕೀಮ್ಯಾಪ್ ಬದಲಾಯಿಸುವುದಕ್ಕೆ ನಿಯಮ ಇನ್ನೂ ಬಿಗಿ. ಸ್ವಂತ ಟರ್ಮಿನಲ್ ಆದರೂ ಸಾಲದು, ಅಧಿಕಾರ ಇರಲೇಬೇಕು. ಕಾರಣ, ಕೀಬೋರ್ಡ್ ಮೋಡ್ ಮತ್ತು ಲಾಕ್ ಸ್ಥಿತಿ ಪ್ರತಿ ಕನ್ಸೋಲಿಗೂ ಬೇರೆ ಬೇರೆ, ಆದರೆ ಕೀಮ್ಯಾಪ್ ಎಲ್ಲ ಕನ್ಸೋಲಿಗೂ ಒಂದೇ. ಮೊದಲು ಇಷ್ಟು ಬಿಗಿ ಇರಲಿಲ್ಲ. ಒಬ್ಬ ಮಾಮೂಲಿ ಬಳಕೆದಾರ ಯಾವುದೋ ಕೀಗೆ ಒಂದು ಕಮಾಂಡಿನ ಸಾಲನ್ನೇ ಕಟ್ಟಿ ಲಾಗ್ ಔಟ್ ಆದರೆ, ಆಮೇಲೆ ಅದೇ ಕೀಬೋರ್ಡಿನಲ್ಲಿ ರೂಟ್ ಆಗಿ ಕೂತವರು ಆ ಕೀ ಒತ್ತಿದಾಗ ಕಮಾಂಡ್ ಓಡುತ್ತಿತ್ತು. 2005ರಲ್ಲಿ ಇದು ಸೆಕ್ಯುರಿಟಿ ದೋಷವಾಗಿ ದಾಖಲಾಯಿತು, ಸಿವಿಇ ಎಂಬ ಸೆಕ್ಯುರಿಟಿ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ 2005-3257. ಅದಕ್ಕಿಂತ ಹಳೆಯ ಪಾಠ ಓದಿ ‘ನನಗೆ ಯಾಕೆ ಬಿಡುತ್ತಿಲ್ಲ’ ಅಂತ ಕೇಳುವವರು ಈಗಲೂ ಸಿಗುತ್ತಾರೆ.

ಕೀಬೋರ್ಡ್ ‘ಸತ್ತ’ ದಿನ

ಅದು ಸತ್ತಿರಲಿಲ್ಲ. ನೀವು ಹೇಳಿದ್ದನ್ನೇ ಮಾಡುತ್ತಿತ್ತು.

ಕನ್ಸೋಲ್ ಕೀಬೋರ್ಡಿಗೆ ಐದು ಮೋಡ್ ಇವೆ: 0 ರಾ, 1 ಎಕ್ಸ್‌ಲೇಟ್, 2 ಮೀಡಿಯಂ ರಾ, 3 ಯೂನಿಕೋಡ್, 4 ಆಫ್. ಈಗಿನ ಸಿಸ್ಟಂಗಳಲ್ಲಿ ಸಾಮಾನ್ಯವಾಗಿ ಇರುವುದು 3. ಆಗ ‘ಎ’ ಕೀ ಒತ್ತಿದರೆ ಪ್ರೋಗ್ರಾಂಗೆ ಒಂದು ಅಕ್ಷರ ಬರುತ್ತದೆ. ರಾ ಮೋಡಿನಲ್ಲಿ ಒತ್ತಿದಾಗ 1ಇ, ಬಿಟ್ಟಾಗ 9ಇ ಎಂಬ ಸ್ಕ್ಯಾನ್‌ಕೋಡ್‌ಗಳು ಹಾಗೇ ಬರುತ್ತವೆ. ಮೀಡಿಯಂ ರಾನಲ್ಲಿ ಕರ್ನಲಿನ ಕೀಕೋಡ್ ಬರುತ್ತದೆ, ‘ಎ’ಗೆ ಅದು 30.

ಈಗ ಯೋಚಿಸಿ. ಕಂಟ್ರೋಲ್-ಸಿ ಒತ್ತಿದರೆ ಪ್ರೋಗ್ರಾಂ ನಿಲ್ಲುವುದು ಯಾಕೆಂದರೆ, ಆ ಎರಡು ಕೀ ಸೇರಿ ಒಂದು ವಿಶೇಷ ಅಕ್ಷರ ಹುಟ್ಟುತ್ತದೆ, ಅದನ್ನು ನೋಡಿ ಟರ್ಮಿನಲ್ ಸಿಗ್ನಲ್ ಕಳಿಸುತ್ತದೆ. ರಾ ಮೋಡಿನಲ್ಲಿ ಆ ಅಕ್ಷರವೇ ಹುಟ್ಟುವುದಿಲ್ಲ. ಆಲ್ಟ್-ಎಫ್2 ಒತ್ತಿ ಬೇರೆ ಕನ್ಸೋಲಿಗೆ ಹೋಗೋಣ ಅಂದರೆ, ಆ ಕೆಲಸ ಮಾಡುವ ಭಾಗವನ್ನೂ ಕರ್ನಲ್ ಈ ಮೋಡಿನಲ್ಲಿ ಬದಿಗಿಟ್ಟಿರುತ್ತದೆ. ನಿಮ್ಮ ಪ್ರೋಗ್ರಾಂ ಸತ್ತರೂ ಕರ್ನಲ್ ತಾನಾಗಿ ಹಳೆಯ ಮೋಡಿಗೆ ತರುವುದಿಲ್ಲ. ಶೋಕೀ ಎಂಬ ಸಣ್ಣ ಪ್ರೋಗ್ರಾಂ ಕೊನೆಯ ಕೀ ಒತ್ತಿ 10 ಸೆಕೆಂಡ್ ಆದಮೇಲೆ ತಾನೇ ಮುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಬೇರೆ ದಾರಿಯಿಂದ ಹೊರಗೆ ಬರಲು ಆಗುವುದಿಲ್ಲ ಅಂತ ಬರೆದವರಿಗೆ ಗೊತ್ತಿತ್ತು.

ಪವರ್ ಕೀಳುವ ಮುಂಚೆ ಎರಡು ದಾರಿ ಇದ್ದವು. ಒಂದು, ಎಸ್‌ಎಸ್‌ಎಚ್ ಮಾಡಿ ರೂಟ್ ಆಗಿ ಕೆಬಿಡಿ_ಮೋಡ್ ಕಮಾಂಡಿಗೆ ಚಿಕ್ಕ ‘ಯು’ ಆಯ್ಕೆ ಕೊಟ್ಟು (ಹೊಸ ಆವೃತ್ತಿ ಒಪ್ಪದಿದ್ದರೆ ಚಿಕ್ಕ ‘ಎಫ್’ ಕೂಡ ಸೇರಿಸಿ), ಟಿಟಿವೈ1ನ್ನು ಅದರ ಇನ್‌ಪುಟ್ಟಿಗೆ ತಿರುಗಿಸುವುದು. ಯೂನಿಕೋಡ್ ಮೋಡ್ ವಾಪಸ್ ಬರುತ್ತದೆ. ಎರಡು, ಆಲ್ಟ್ ಹಿಡಿದು ಸಿಸ್‌ರಿಕ್ವೆಸ್ಟ್, ಅಂದರೆ ಪ್ರಿಂಟ್ ಸ್ಕ್ರೀನ್ ಕೀ, ಜೊತೆಗೆ ‘ಆರ್’. ಅದು ಕೀಬೋರ್ಡನ್ನು ರಾ ಮೋಡಿನಿಂದ ಎಳೆದು ತರುತ್ತದೆ. ಆದರೆ ಇಲ್ಲೊಂದು ಕೊಕ್ಕೆ ಇದೆ. ಈ ಮ್ಯಾಜಿಕ್ ಕೀಗಳಲ್ಲಿ ಯಾವುವನ್ನು ಬಿಡಬೇಕು ಎಂಬುದು ಕರ್ನಲ್ ಡಾಟ್ ಸಿಸ್‌ರಿಕ್ವೆಸ್ಟ್ ಎಂಬ ಸೆಟ್ಟಿಂಗಿನಲ್ಲಿ ಇರುತ್ತದೆ, ಕೀಬೋರ್ಡ್ ಬಿಡಿಸುವುದು ಅದರಲ್ಲಿ 4 ಎಂಬ ಬಿಟ್. ಡೆಬಿಯನ್‌ನ ಡೀಫಾಲ್ಟ್ 438, ಅದರಲ್ಲಿ 4 ಇದೆ. ಉಬುಂಟುವಿನದು 176, ಅಂದರೆ 128, 32, 16 ಸೇರಿದ್ದು. ಅದರಲ್ಲಿ 4 ಇಲ್ಲ. ಹಾಗಾಗಿ ಡೆಬಿಯನ್ ಪೆಟ್ಟಿಗೆಯಲ್ಲಿ ಕೆಲಸ ಮಾಡಿದ ಉಪಾಯ ಉಬುಂಟು ಪೆಟ್ಟಿಗೆಯಲ್ಲಿ ಕೈಕೊಡುತ್ತದೆ. ನಿಮ್ಮ ಪೆಟ್ಟಿಗೆಯ ಸಂಖ್ಯೆ ಎಷ್ಟು ಅಂತ ನೋಡಿ ದಾಖಲೆಯ ಮೊದಲ ಪುಟದಲ್ಲೇ ಬರೆಯಿರಿ. ಇನ್ನೊಂದು ಕಡೆ, ಅದರಲ್ಲಿ 128 ಎಂಬ ಬಿಟ್ ಇದ್ದರೆ (ಮೇಲಿನ ಎರಡು ಡೀಫಾಲ್ಟ್‌ಗಳಲ್ಲೂ ಇದೆ) ವೇ ಬ್ರಿಡ್ಜಿನಲ್ಲಿ ಕೂತ ಯಾರು ಬೇಕಾದರೂ ಪೆಟ್ಟಿಗೆಯನ್ನು ರೀಬೂಟ್ ಮಾಡಬಹುದು. 4ನ್ನು ಮಾತ್ರ ಇಡುವುದು ನನ್ನ ಆಯ್ಕೆ.

ನಿಜ ಕೇಳಿದರೆ, ನಿಮಗೆ ರಾ ಮೋಡ್ ಬೇಕಾ? ಕಿಯೋಸ್ಕ್ (ಒಂದೇ ಕೆಲಸಕ್ಕೆ ಮೀಸಲಾದ ಪೆಟ್ಟಿಗೆ) ಕೆಲಸಗಳಲ್ಲಿ ನಾನು ಕಂಡ ಮಟ್ಟಿಗೆ ಜನ ಇದನ್ನು ಬಳಸುವುದು ಎರಡಕ್ಕೆ: ಕೀ ಬಿಟ್ಟದ್ದು ತಿಳಿಯಬೇಕು, ಇಲ್ಲವೇ ಗ್ರಾಹಕ ಒತ್ತುವ ಕೀಗಳು ಶೆಲ್ಲಿಗೆ ಹೋಗಬಾರದು. ಎರಡಕ್ಕೂ ಇವ್‌ಡೆವ್ ಎಂಬ ಹೊಸ ದಾರಿ ಇದೆ. ಡೆವ್‌ನ ಇನ್‌ಪುಟ್ ಫೋಲ್ಡರಿನಲ್ಲಿ ಪ್ರತಿ ಕೀಬೋರ್ಡಿಗೂ ಒಂದು ಇವೆಂಟ್ ಫೈಲ್ ಇರುತ್ತದೆ. ಅದನ್ನು ತೆರೆದು ಗ್ರ್ಯಾಬ್ ಮಾಡಿದರೆ ಕೀಗಳು ನಿಮಗೊಬ್ಬರಿಗೇ ಬರುತ್ತವೆ. ಫೈಲ್ ಮುಚ್ಚಿದ ತಕ್ಷಣ ಹಿಡಿತ ಬಿಡುತ್ತದೆ. ಪ್ರೋಗ್ರಾಂ ಕ್ರ್ಯಾಶ್ ಆದರೂ, ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ 9 ಹಾಕಿದರೂ ಫೈಲ್ ಮುಚ್ಚಿಯೇ ಮುಚ್ಚುತ್ತದೆ, ಕೀಬೋರ್ಡ್ ವಾಪಸ್ ಬರುತ್ತದೆ. ಇದರ ತೊಂದರೆ ಎಂದರೆ ಇವೆಂಟ್ ಫೈಲಿನ ನಂಬರ್ ಕೀಬೋರ್ಡ್ ಕಿತ್ತು ಹಾಕಿದಾಗ ಬದಲಾಗಬಹುದು, ಮತ್ತು ಆ ಫೈಲನ್ನು ಓದಬಲ್ಲವರು ಪಾಸ್‌ವರ್ಡ್ ಸೇರಿ ಎಲ್ಲ ಕೀಗಳನ್ನೂ ಓದಬಲ್ಲರು, ಆದ್ದರಿಂದ ಪರ್ಮಿಶನ್ ಬಿಗಿಯಾಗಿರಬೇಕು. ಇಷ್ಟಾದರೂ ಹೊಸದಾಗಿ ಬರೆಯುವ ಕೋಡಿಗೆ ನಾನು ಇದನ್ನೇ ಹೇಳುತ್ತೇನೆ. ಹಳೆಯ ಕೋಡ್ ರಾ ಮೋಡಿನಲ್ಲೇ ಇರಬೇಕೆಂದರೆ, ಅದನ್ನು ಒಂದು ಚಿಕ್ಕ ಪ್ರೋಗ್ರಾಂನ ಕೈಕೆಳಗೆ ಓಡಿಸಿ. ಮಗು ಪ್ರೋಗ್ರಾಂ ಹೇಗೆ ಸತ್ತರೂ ತಾಯಿ ಪ್ರೋಗ್ರಾಂ ಮೋಡನ್ನು ಮೊದಲಿದ್ದ ಬೆಲೆಗೆ ತರಲಿ. ಸಿಗ್ನಲ್ ಹ್ಯಾಂಡ್ಲರ್ ಬರೆದಿದ್ದೇನೆ ಸಾಕು ಅನ್ನಬೇಡಿ, ಕಿಲ್ ಮೈನಸ್ 9ಕ್ಕೆ ಹ್ಯಾಂಡ್ಲರ್ ಓಡುವುದೇ ಇಲ್ಲ.

ಬರೆಯುವ ಬಗೆ

ಸೀನಿಯರ್ ಬಿಟ್ಟು ಹೋದ ಕೋಡನ್ನು ಓದಿ ಊಹಿಸುವುದಕ್ಕಿಂತ, ಪ್ರೋಗ್ರಾಂ ಕರ್ನಲಿಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ಓಡಿಸಿ. ಐಆಕ್ಟಲ್ ಕರೆಗಳನ್ನು ಮಾತ್ರ ಹಿಡಿಯಲು ಹೇಳಿದರೆ ನಂಬರಿನ ಬದಲು ಹೆಸರನ್ನೇ ತೋರಿಸುತ್ತದೆ. ನಿಮ್ಮ ಪೆಟ್ಟಿಗೆ ನಿಜವಾಗಿ ಬಳಸುವುದು ಬೆರಳೆಣಿಕೆಯಷ್ಟು ಕಂಟ್ರೋಲ್ ಇರಬಹುದು. ಅವನ್ನು ಮಾತ್ರ ಬರೆಯಿರಿ, ನೂರು ಕಂಟ್ರೋಲಿನ ಪುಸ್ತಕ ಬೇಡ. ಸಂದೇಹ ಬಂದಲ್ಲಿ ಕರ್ನಲ್ ಸೋರ್ಸಿನ ಡ್ರೈವರ್ಸ್, ಟಿಟಿವೈ, ವಿಟಿ ಫೋಲ್ಡರಿಗೆ ಹೋಗಿ. ವಿಟಿ_ಐಆಕ್ಟಲ್ ಮತ್ತು ಕೀಬೋರ್ಡ್ ಎಂಬ ಎರಡು ಸಿ ಫೈಲುಗಳಲ್ಲಿ ನಾನು ಹೇಳಿದ ಬಹುಪಾಲು ಇದೆ. ದೀಪದ ಆಜ್ಞೆಯನ್ನು ನಡೆಸುವ ಭಾಗ ನಾಲ್ಕೈದು ಸಾಲು, ಮ್ಯಾನ್ ಪೇಜಿಗಿಂತ ಸ್ಪಷ್ಟ.

ಪರೀಕ್ಷೆ ಮಾಡುವಾಗ ಮೊದಲು ಎಸ್‌ಎಸ್‌ಎಚ್‌ನಲ್ಲಿ ರೂಟ್ ಶೆಲ್ ತೆರೆದಿಟ್ಟು, ಆಮೇಲೆ ಪೆಟ್ಟಿಗೆಯ ಕೀಬೋರ್ಡ್ ಮುಟ್ಟಿ. ಬದಲಾಯಿಸುವ ಮುಂಚೆ ಇದ್ದ ಬೆಲೆ ಓದಿ ಬರೆದಿಡಿ. ಬೇಕೆಂದೇ ತಪ್ಪು ಕೊಡಿ: ಪಾಯಿಂಟರ್ ಬದಲು ಬೆಲೆ, ಬೆಲೆ ಬದಲು ಪಾಯಿಂಟರ್, ಅಧಿಕಾರ ಇಲ್ಲದ ಬಳಕೆದಾರ, ಎಸ್‌ಎಸ್‌ಎಚ್ ಟರ್ಮಿನಲ್. ಏನು ಎರರ್ ಬಂತು, ಅಥವಾ ಬರಲಿಲ್ಲ, ಅದನ್ನು ಬರೆಯಿರಿ. ನಿಮ್ಮ ನಂತರ ಬರುವವರು ಹುಡುಕುವುದು ಎರರ್ ಸಾಲನ್ನೇ.

ಕನ್ನಡದ ಪ್ರಶ್ನೆ

ಮಾಲೀಕರಿಗೆ ನೇರವಾಗಿ ಹೇಳಿ: ಲಿನಕ್ಸಿನ ಈ ಕಪ್ಪು ಕನ್ಸೋಲಿನಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ. ಫಾಂಟ್ ಹಾಕಿದರೆ ಬರುತ್ತೆ ಎಂಬುದು ತಪ್ಪು ನಂಬಿಕೆ. ಕನ್ಸೋಲ್ ಫಾಂಟಿನಲ್ಲಿ ಹಿಡಿಸುವುದು 256, ಹೆಚ್ಚೆಂದರೆ 512 ಚಿತ್ರಗಳು. 512 ಬಳಸಿದರೆ ಬಣ್ಣಕ್ಕೆ ಮೀಸಲಾದ ಒಂದು ಬಿಟ್ ಅದಕ್ಕೆ ಹೋಗಿ, ಅಕ್ಷರದ ಬಣ್ಣಗಳು 16ರಿಂದ 8ಕ್ಕೆ ಇಳಿಯುತ್ತವೆ. ಅದನ್ನಾದರೂ ಸಹಿಸಬಹುದು. ದೊಡ್ಡ ಅಡ್ಡಿ ಎಂದರೆ ಕನ್ಸೋಲ್ ಒಂದು ಕೋಡಿಗೆ ಒಂದು ಚೌಕದಲ್ಲಿ ಒಂದು ಚಿತ್ರ ಇಡುತ್ತದೆ, ಅಷ್ಟೇ. ‘ಕ್ತ’ ಅನ್ನುವುದು ಯೂನಿಕೋಡಿನಲ್ಲಿ ಮೂರು ಕೋಡ್: ಕ, ಹಲಂತ, ತ. ಅವನ್ನು ಸೇರಿಸಿ ಕೆಳಗೆ ಒತ್ತಕ್ಷರ ಕೂರಿಸುವ ಬುದ್ಧಿ ಕರ್ನಲಿಗೆ ಇಲ್ಲ. ‘ಕೊ’ ಬರೆಯುವಾಗ ಸ್ವರಚಿಹ್ನೆ ಅಂಟಿಸುವುದೂ ಬರುವುದಿಲ್ಲ. ತಮಾಷೆ ಏನೆಂದರೆ ಟೈಪ್ ಮಾಡುವುದಕ್ಕೆ ಅಡ್ಡಿಯಿಲ್ಲ. ಕೀಮ್ಯಾಪಿನಲ್ಲಿ ಯೂನಿಕೋಡ್ ಬೆಲೆ ಕೊಟ್ಟು ಲೋಡ್‌ಕೀಸ್ ಮಾಡಿದರೆ ಕೀ ಒತ್ತಿದಾಗ ‘ಕ’ ಎಂಬ ಕೋಡ್ ಪ್ರೋಗ್ರಾಂಗೆ ಸರಿಯಾಗಿ ತಲುಪುತ್ತದೆ. ತೆರೆಯ ಮೇಲೆ ಮಾತ್ರ ಕಾಣುವುದಿಲ್ಲ.

ದಾರಿ ಎರಡು. ಪರದೆಗೆ ನೇರವಾಗಿ ಬರೆಯುವ ಪ್ರೋಗ್ರಾಂ ಮಾಡಿ, ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಝ್, ಪ್ಯಾಂಗೋ ಥರದ ಲೈಬ್ರರಿಗೆ ಕೊಡುವುದು ಒಂದು. ಹಗುರ, ಆದರೆ ಕೆಲಸ ಜಾಸ್ತಿ. ಇಲ್ಲವೇ ಕೇಜ್ ಎಂಬ ಕಿಯೋಸ್ಕ್ ಪ್ರೋಗ್ರಾಂ (ವೇಲ್ಯಾಂಡ್ ಎಂಬ ಲಿನಕ್ಸ್ ಗ್ರಾಫಿಕ್ಸ್ ವ್ಯವಸ್ಥೆಯದು) ಹಾಕಿ, ಅದರೊಳಗೆ ನಿಮ್ಮ ಒಂದೇ ಒಂದು ಅಪ್ಲಿಕೇಶನ್ ಓಡಿಸುವುದು. ಪೆಟ್ಟಿಗೆಯಲ್ಲಿ ಮೆಮೊರಿ ಮತ್ತು ಗ್ರಾಫಿಕ್ಸ್ ಡ್ರೈವರ್ ಸರಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ.

ಆದರೆ ಗಮನಿಸಿ, ಈ ಎರಡನೆಯ ದಾರಿ ಹಿಡಿದ ದಿನ ನಿಮ್ಮ ದಾಖಲೆಯ ಅರ್ಧ ಬದಲಾಗುತ್ತದೆ. ಆಗ ಕನ್ಸೋಲಿನ ಮಾಲೀಕತ್ವ ಆ ಗ್ರಾಫಿಕ್ಸ್ ಪ್ರೋಗ್ರಾಂಗೆ ಹೋಗುತ್ತದೆ. ಕನ್ಸೋಲನ್ನು ಗ್ರಾಫಿಕ್ಸ್ ಮೋಡಿಗೆ ಹಾಕಿ, ಕೀಬೋರ್ಡನ್ನು 4, ಅಂದರೆ ಆಫ್ ಮಾಡಿ, ಕೀಗಳನ್ನು ಇವ್‌ಡೆವ್‌ನಿಂದ ಓದುತ್ತಾರೆ. ಅದರ ಮಧ್ಯೆ ನೀವು ಹೋಗಿ ಕೀಬೋರ್ಡ್ ಮೋಡ್ ಬದಲಾಯಿಸಿದರೆ, ಗ್ರಾಹಕ ಒತ್ತಿದ ಕೀಗಳು ಹಿಂದೆ ಅಡಗಿರುವ ಲಾಗಿನ್ ಪ್ರಾಂಪ್ಟಿಗೂ ಹೋಗತೊಡಗುತ್ತವೆ. ದೀಪಕ್ಕೆ ಆಗ ಸಿಸ್ ಫೋಲ್ಡರಿನ ಕ್ಲಾಸ್, ಲೆಡ್ಸ್ ಒಳಗಿರುವ ಕ್ಯಾಪ್ಸ್‌ಲಾಕ್ ಎಂದು ಕೊನೆಯಾಗುವ ಫೋಲ್ಡರಿನ ಬ್ರೈಟ್‌ನೆಸ್ ಫೈಲಿಗೆ ಬರೆಯುವುದು ಸುಲಭ. ಆದ್ದರಿಂದ ಕನ್ನಡ ಬೇಕೋ ಬೇಡವೋ ಎಂಬುದನ್ನು ಮಾಲೀಕರ ಹತ್ತಿರ ಈ ವಾರವೇ ತೀರ್ಮಾನ ಮಾಡಿಸಿಕೊಳ್ಳಿ, ರಾ ಮೋಡಿನ ಪುಟ ಬರೆಯುವುದನ್ನು ಅಲ್ಲಿಯವರೆಗೆ ಮುಂದೂಡಿ. ದೀಪದ ಪುಟವನ್ನು ಮಾತ್ರ ಇವತ್ತೇ ಬರೆಯಬಹುದು, ಅದಕ್ಕೆ ಬೇಕಾದ ಪರೀಕ್ಷೆಯ ಅರ್ಧವನ್ನು ನೀವು ಆಗಲೇ ಮಾಡಿದ್ದೀರಿ.